ಮಶೀನ್ ರಿಪೇರಿಯವನು ಕುದುರಿಸಿದ ಸಂಬಂಧಗಳು

"ಈಗಿನ ಮಕ್ಕಳು ನಮ್ಮ ಹಾಗಲ್ಲ" ಎಂಬ ಮಾತು ದಿನಕ್ಕೊಮ್ಮೆಯಾದರೂ ನನ್ನ ಕಿವಿಗೆ ಬೀಳುತ್ತದೆ. ಹೆಚ್ಚಿನ ದಿನ ಅದನ್ನು ಹೇಳಿದವನು ನಾನೇ ಆಗಿರುತ್ತೇನೆ. ಹೇಳಿ ಬಾಯಿ ಮುಚ್ಚುವುದರೊಳಗೆ ಏನಾದರೊಂದು ನಡೆದು ನನ್ನ ಮುಖ ಇಷ್ಟೇ ಇಷ್ಟಾಗುತ್ತದೆ. ಒಮ್ಮೆ ಆದರೆ ಆಕಸ್ಮಿಕ ಎನ್ನಬಹುದಿತ್ತು. ನನಗೆ ಇದು ಅಭ್ಯಾಸವೇ ಆಗಿಹೋಗಿದೆ.

ನನ್ನ ಕಸುಬು ಹೊಲಿಗೆ ಮಶೀನ್ ರಿಪೇರಿ. ಬ್ರಹ್ಮಾವರದಿಂದ ಬೈಂದೂರಿನವರೆಗೆ ಹೆದ್ದಾರಿಯ ಎರಡೂ ಬದಿಯ ಊರುಗಳನ್ನು ಮೊದಲು ಸೈಕಲ್ಲಿನಲ್ಲಿ, ಆಮೇಲೆ ಮೊಪೆಡ್ಡಿನಲ್ಲಿ, ಈಗ ಸ್ಕೂಟರಿನಲ್ಲಿ ಸುತ್ತಿದವನು ನಾನು. ಮಶೀನಿಗೆ ತೆಂಗಿನೆಣ್ಣೆ ಬಿಟ್ಟು, ಅದು ಅಂಟಾಗಿ ಚಕ್ರವೇ ತಿರುಗದೆ ಕೂತಾಗ, "ಶುದ್ಧ ಗಾಣದ ಎಣ್ಣೆಯೇ ಹಾಕಿದ್ದ್ ಮರ್ರೆ, ಕಲಬೆರಕೆ ಅಲ್ಲ" ಎಂದು ಹೆಮ್ಮೆಪಡುವ ಜನ ನಮ್ಮವರು. ಹಾಗಾಗಿ ನನಗೆ ಕೆಲಸಕ್ಕೆ ಬರವಿರಲಿಲ್ಲ.

ಮಶೀನ್ ಇದ್ದ ಮನೆಯಲ್ಲಿ ಹೊಲಿಯುವ ಹೆಣ್ಣುಮಗಳು ಇದ್ದೇ ಇರುತ್ತಿದ್ದಳು. ಅವಳ ಹಿಂದೆ ಅವಳ ಮದುವೆಯ ಚಿಂತೆ ಹೊತ್ತ ಅಮ್ಮ. ನಾನು ಜಗಲಿಯಲ್ಲಿ ಕೂತು ಬಾಬಿನ್ ಬಿಚ್ಚುತ್ತಿದ್ದರೆ ಅಮ್ಮ ಚಾ ತಂದಿಟ್ಟು ಮೆಲ್ಲಗೆ ಶುರು ಮಾಡುವುದು: "ಹ್ವಾಯ್, ನೀವ್ ಊರಿಡೀ ತಿರ್ಗುವವ್ರ್. ನಮ್ ಹೆಣ್ಣಿಗೆ ಎಲ್ಲಾರೂ ಒಂದ್ ಗಂಡ್ ಇತ್ತಾ ಕಾಣಿ." ಮುಂದಿನ ಊರಿನಲ್ಲಿ ಗಂಡಿನ ಅಮ್ಮ ಇದೇ ಮಾತನ್ನು ತಿರುಗಿಸಿ ಹೇಳುವುದು. ಹೀಗೆ ಎಣ್ಣೆ ಬಿಡುವ ಕೆಲಸದ ಜೊತೆಗೆ ಸಂಬಂಧ ಕೂಡಿಸುವ ಕೆಲಸವೂ ನನ್ನ ತಲೆಗೆ ಬಂತು. ಅದಕ್ಕೆ ಸಂಬಳವಿಲ್ಲ. ಮದುವೆಯ ದಿನ ಮೊದಲ ಪಂಕ್ತಿಯಲ್ಲಿ ಊಟ, ಒಂದು ಪಂಚೆ, ಮುಂದೆ ಗಂಡಹೆಂಡಿರು ಜಗಳವಾಡಿದರೆ ಎರಡೂ ಕಡೆಯ ಬೈಗುಳ, ಇಷ್ಟೇ.

ಇಷ್ಟೆಲ್ಲ ಮಾಡಿದವನಿಗೆ ತನ್ನ ಮಗಳೊಬ್ಬಳಿಗೆ ಗಂಡು ಹುಡುಕಲು ಆಗಲಿಲ್ಲ. ಮಗಳು ದನದ ಡಾಕ್ಟ್ರು. ವಯಸ್ಸು ಮೂವತ್ತರ ಹತ್ತಿರ ಬಂತು. ನಾನು ತಂದ ಸಂಬಂಧಗಳನ್ನೆಲ್ಲ ನಗುನಗುತ್ತಲೇ ವಾಪಸು ಕಳಿಸಿದಳು. ಚಾದಂಗಡಿಗೆ ಹೋದರೆ, "ಊರವ್ರಿಗೆಲ್ಲ ಮದಿ ಮಾಡ್ಸ್ದ್ರಿ, ನಿಮ್ ಮನಿ ಊಟ ಯಾವಾಗ?" ಎಂದು ಕೇಳುತ್ತಿದ್ದರು. ನಾನೂ ಅವರ ಜೊತೆ ನಗುತ್ತಿದ್ದೆ. ಆದರೆ ಊರವರ ಮಾತಿಗಿಂತ ಹೆಚ್ಚು ನನ್ನನ್ನು ಕಾಡುತ್ತಿದ್ದುದು ಬೇರೆಯೇ. ಯಾರ ಯಾರ ಮಕ್ಕಳಿಗೋ ಒಳ್ಳೆಯ ಮನೆ ತೋರಿಸಿದ ನಾನು ನನ್ನ ಮಗುವಿಗೇ ತೋರಿಸಲಾರದೆ ಹೋದೆನಲ್ಲ ಎಂಬ ಸಂಕಟ ಅದು. ಆ ಕತೆ ಕಡೆಗೆ ಹೇಳುತ್ತೇನೆ. ಮೊದಲು ಹಳೆಯ ಕಾಲದ್ದು ಸ್ವಲ್ಪ.

ಕಾಲು ಲಾಯ್ಕಿತ್ತು

ಆಗಿನ ಗಂಡುಗಳೆಲ್ಲ ಬೊಂಬಾಯಿಯಲ್ಲಿ. ಮೇ ತಿಂಗಳ ರಜೆಗೆ ಊರಿಗೆ ಬಂದವರಿಗೆ ಹೆಣ್ಣು ನೋಡಿ, ಒಪ್ಪಿ, ಮದುವೆಯಾಗಿ, ಮಳೆ ಹಿಡಿಯುವುದರೊಳಗೆ ವಾಪಸು ಬಸ್ಸು ಹತ್ತಬೇಕು. ಅಂಥ ಒಬ್ಬನನ್ನು ತೆಕ್ಕಟ್ಟೆಯ ಒಂದು ಮನೆಗೆ ಹೆಣ್ಣು ತೋರಿಸಲು ಕರೆದುಕೊಂಡು ಹೋಗಿದ್ದೆ.

ಆಸಾಮಿ ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದೆ ಕೂತು ಪಳಗಿದವನು. ಬಸ್ಸಿನಲ್ಲಿ ಅವನ ಬಾಯಿಗೆ ಬಿಡುವೇ ಇರಲಿಲ್ಲ. "ಫಿಕರ್ ಬ್ಯಾಡ ಮರ್ರೆ. ಹೆಣ್ಣಿನ್ ಹತ್ರ ಎಂತೆಂತ ಕೇಣ್ಕ್ ಅಂತ ಎಲ್ಲ ತಲೆಯಲ್ ಇಟ್ಕಂಡಿದ್ದೆ. ಬೊಂಬಾಯಿಯಂಗ್ ಇದೆಲ್ಲ ಮಾಮೂಲ್" ಎಂದು ನನಗೇ ಧೈರ್ಯ ಹೇಳಿದ. ನನಗೂ ಸಮಾಧಾನವಾಯಿತು.

ಒಳಗಿನಿಂದ ಬಳೆಯ ಸದ್ದು ಕೇಳಿತು ನೋಡಿ, ಬೊಂಬಾಯಿಯವನ ತಲೆ ಕೆಳಗೆ ಬಗ್ಗಿದ್ದು ಮತ್ತೆ ಏಳಲಿಲ್ಲ. ಹುಡುಗಿ ಬಂದಳು, ಚಾ ಕೊಟ್ಟಳು, ಸ್ವಲ್ಪ ಹೊತ್ತು ಬಾಗಿಲ ಬಳಿ ನಿಂತಳು, ಒಳಗೆ ಹೋದಳು. ಇವನು ನೆಲ ನೋಡಿಕೊಂಡೇ ಚಾ ಕುಡಿದ, ನೆಲ ನೋಡಿಕೊಂಡೇ ಬಾಳೆಹಣ್ಣು ತಿಂದ, ನೆಲಕ್ಕೇ "ಬತ್ತೆ" ಎಂದು ಹೇಳಿ ಎದ್ದ.

ಗೇಟು ದಾಟಿದ ಮೇಲೆ ಕೇಳಿದೆ. "ಹ್ಯಾಂಗಿತ್ತ್ ಹೆಣ್?"

"ಭಾರಿ ಲಾಯ್ಕಿತ್ತ್."

"ಬಣ್ಣ ಅಡ್ಡಿಲ್ಲ್ಯಾ?"

"ಬಣ್ಣ ಕಾಂಬುಕಾಯ್ಲಿಲ್ಲೆ."

"ಮೋರೆ?"

"ಮೋರೆಯೂ ಕಾಂಬುಕಾಯ್ಲಿಲ್ಲೆ."

"ಹಾಂಗಾರೆ ಲಾಯ್ಕಿದ್ದದ್ದ್ ಎಂತ ಮರಾಯ?"

"ಕಾಲ್" ಎಂದ. "ಕಾಲ್ ಲಾಯ್ಕಿತ್ತ್. ನಂಗ್ ಒಪ್ಗಿ."

ಇನ್ನೊಮ್ಮೆ ಕರೆದುಕೊಂಡು ಹೋಗುತ್ತೇನೆ, ಸರಿಯಾಗಿ ನೋಡು ಎಂದೆ. ಬೇಡವೇ ಬೇಡ ಎಂದ. ಮದುವೆಯ ದಿನ ನಿಶ್ಚಯವಾಯಿತು. ಹುಡುಗಿಗೆ ಒಬ್ಬಳು ಅಕ್ಕ, ಹಿಂದಿನ ವರ್ಷವಷ್ಟೇ ಮದುವೆಯಾದವಳು. ಮಂಟಪಕ್ಕೆ ಇಬ್ಬರೂ ಒಟ್ಟಿಗೆ ಬಂದರು. ಇಬ್ಬರ ಮೈಮೇಲೂ ಜರಿಸೀರೆ, ಇಬ್ಬರ ತಲೆಯಲ್ಲೂ ರಾಶಿ ಮಲ್ಲಿಗೆ. ಹಾರ ಹಿಡಿದು ನಿಂತವನು ಬೆವರಿದ್ದು ನನಗೆ ದೂರದಿಂದಲೇ ಕಾಣಿಸಿತು. ಎಡಕ್ಕೆ ನೋಡಿದ, ಬಲಕ್ಕೆ ನೋಡಿದ, ಆಮೇಲೆ ಸೊಂಟ ಬಗ್ಗಿಸಿ ಇಬ್ಬರ ಕಾಲನ್ನೂ ನೋಡಿ, ಗುರುತು ಹಿಡಿದು, ನೆಟ್ಟಗಾಗಿ ಸರಿಯಾದವಳ ಕುತ್ತಿಗೆಗೇ ಹಾರ ಹಾಕಿದ.

ನನ್ನ ಪಕ್ಕದಲ್ಲಿದ್ದ ಅಜ್ಜಿಯ ಕಣ್ಣು ತುಂಬಿ ಬಂತು. "ಕಂಡ್ರ್ಯಾ, ಎಂಥಾ ಸಂಸ್ಕಾರ! ಕಟ್ಕಂಬುಕ್ ಮೊದ್ಲೇ ಹೆಂಡ್ತಿ ಕಾಲಿಗ್ ಬೀಳ್ತ!"

ಮುಗಿಯದ ರವಿಕೆ

ಹೆಣ್ಣಿಗೆ ಹೊಲಿಗೆ ಬರುತ್ತದೆ ಎಂದರೆ ಆಗ ಅದೊಂದು ದೊಡ್ಡ ಗುಣ. ಗಂಡಿನ ಕಡೆಯವರು ಬರುವ ದಿನ ಮಶೀನನ್ನು ಚಾವಡಿಯಲ್ಲಿ ಎಲ್ಲರಿಗೂ ಕಾಣುವಂತೆ ಇಟ್ಟು, ಸೂಜಿಯ ಕೆಳಗೆ ಅರ್ಧ ಹೊಲಿದ ರವಿಕೆಯೊಂದನ್ನು ಸಿಕ್ಕಿಸಿ ಬಿಡುವುದು. ಬಂದವರು, "ಇದ್ ಯಾರ್ ಹೊಲಿಯುದ್?" ಎಂದು ಕೇಳಬೇಕು. ಮನೆಯವರು, "ಮತ್ಯಾರ್, ನಮ್ ಹೆಣ್ಣೇ" ಎಂದು ಹೇಳಬೇಕು. ಇದು ಶಾಸ್ತ್ರದಷ್ಟೇ ಗಟ್ಟಿಯಾದ ಪದ್ಧತಿ.

ಒಂದು ಸಲ ಬ್ರಹ್ಮಾವರದ ಕಡೆಯ ಗಂಡು, ಅವನ ಅಪ್ಪ ಅಮ್ಮ, ಮೂವರನ್ನೂ ಬೈಂದೂರಿನ ಹತ್ತಿರದ ಹಳ್ಳಿಗೆ ಕರೆತಂದಿದ್ದೆ. ಅಷ್ಟು ದೂರ ಬಂದವರಿಗೆ ಒಂದೇ ಹೆಣ್ಣು ತೋರಿಸಿ ಕಳಿಸುವುದೇಕೆ ಎಂದು ಅದೇ ಊರಿನ ಎರಡು ಮನೆಗೆ ಹೇಳಿಟ್ಟಿದ್ದೆ. ಬೆಳಿಗ್ಗೆ ಗದ್ದೆಯ ಆಚೆಯ ಮನೆ, ಮಧ್ಯಾಹ್ನದ ಮೇಲೆ ಈಚೆಯ ಮನೆ.

ಬೆಳಿಗ್ಗೆ ಎಲ್ಲ ಚೆನ್ನಾಗಿ ನಡೆಯಿತು. ಚಾವಡಿಯಲ್ಲಿ ಮಶೀನು, ಮಶೀನಿನಲ್ಲಿ ಹಸಿರು ರವಿಕೆ. ಗಂಡಿನ ಅಮ್ಮ ಬಟ್ಟೆಯನ್ನು ಮುಟ್ಟಿ ನೋಡಿ, "ಹೊಲ್ಗಿ ಚಂದ ಇತ್ತ್" ಎಂದರು. ಊಟ ನನ್ನ ನೆಂಟರ ಮನೆಯಲ್ಲಿ. ಉಂಡು ಎದ್ದು ಈಚೆಯ ಮನೆಯ ಮೆಟ್ಟಿಲು ಹತ್ತಿದೆ ನೋಡಿ, ಅಲ್ಲೇ ನಿಂತುಬಿಟ್ಟೆ. ಚಾವಡಿಯಲ್ಲಿ ಅದೇ ಮಶೀನು! ಅದರ ಕೈಚಕ್ರಕ್ಕೆ ನಾನೇ ಸುತ್ತಿದ್ದ ತಾಮ್ರದ ತಂತಿ ಪಳಪಳ ಹೊಳೆಯುತ್ತಿತ್ತು. ನಾವು ಉಣ್ಣುತ್ತಿದ್ದ ಹೊತ್ತಿಗೆ ಇಬ್ಬರು ಅದನ್ನು ತಲೆಮೇಲೆ ಹೊತ್ತು ಗದ್ದೆ ದಾಟಿಸಿದ್ದರು. ಅವಸರದಲ್ಲಿ ರವಿಕೆ ತೆಗೆಯುವುದು ಮರೆತುಹೋಗಿತ್ತು.

ಹಾಗೆಂದು ಆ ಜನರನ್ನು ನೋಡಿ ನಗಬೇಡಿ. ಪಕ್ಕದ ಮನೆಯ ಹೆಣ್ಣಿಗೆ ಗಂಡು ಬರುತ್ತದೆ ಎಂದರೆ ಸುತ್ತಲಿನವರು ತಮ್ಮ ಮನೆಯಲ್ಲಿ ಇದ್ದದ್ದರಲ್ಲಿ ಒಳ್ಳೆಯದನ್ನೆಲ್ಲ ಹೊತ್ತು ತರುತ್ತಿದ್ದರು. ಒಬ್ಬರ ಮನೆಯ ಕುರ್ಚಿ, ಇನ್ನೊಬ್ಬರ ಗಡಿಯಾರ, ಮತ್ತೊಬ್ಬರ ಹೂವಿನ ಚಿತ್ರದ ಕಪ್ಪುಗಳು. ತಮ್ಮ ಮನೆಯಲ್ಲೇ ಮದುವೆಗೆ ಬಂದ ಮಗಳಿದ್ದರೂ ಎದುರು ಮನೆಗೆ ಮಶೀನ್ ಕೊಡುವಷ್ಟು ದೊಡ್ಡ ಮನಸ್ಸು. ಈಗ ಯಾರಿಗೂ ಯಾರದ್ದೂ ಬೇಡ, ಎಲ್ಲರ ಮನೆಯಲ್ಲೂ ಎಲ್ಲ ಇದೆ. ಅದನ್ನು ನೆನೆದರೆ ನನಗೆ ಯಾಕೋ ಬೇಸರವೇ ಆಗುತ್ತದೆ.

ಗಂಡಿನ ಅಮ್ಮ ಮಶೀನ್ ನೋಡಿದರು, ರವಿಕೆ ನೋಡಿದರು, ನನ್ನ ಮುಖ ನೋಡಿದರು. ನಾನು ಮಾಡಿನ ಹೆಂಚು ನೋಡಿದೆ. ಗಂಡಿನ ಅಪ್ಪ ಸೂಕ್ಷ್ಮದವರಲ್ಲ. ಚಾ ಲೋಟ ಕೆಳಗಿಟ್ಟು ಜೋರಾಗಿಯೇ ಕೇಳಿದರು:

"ಎಂತ ಮರ್ರೆ, ನಿಮ್ಮೂರಂಗ್ ಎಲ್ಲರೂ ಸೇರಿ ಒಂದೇ ರವ್ಕಿ ಹೊಲಿತ್ರ್ಯಾ?"

ಬಂಗುಡೆ ಪರೀಕ್ಷೆ

ಇನ್ನು ಈಗಿನದ್ದು. ಬ್ರಹ್ಮಾವರದ ಒಂದು ಮನೆಯ ಹುಡುಗಿ, ಬ್ಯಾಂಕಿನಲ್ಲಿ ಕೆಲಸ. ಕುಂದಾಪುರದ ಹುಡುಗ, ಗಲ್ಫಿನಿಂದ ವಾಪಸು ಬಂದು ವಯರು, ಸ್ವಿಚ್ಚುಗಳ ಅಂಗಡಿ ಇಟ್ಟವನು. ಹುಡುಗಿ ಚಾ ತರಲಿಲ್ಲ. ಚಾ ಅವಳ ಅಪ್ಪ ತಂದರು. ಅವಳು ಬಂದು ಹುಡುಗನ ಎದುರಿನ ಕುರ್ಚಿಯಲ್ಲಿ ಕೂತು ನೇರವಾಗಿ ಕೇಳಿದಳು.

"ನಿಮ್ಗ್ ಮೀನ್ ಕೊಯ್ಯುಕ್ ಬತ್ತಾ?"

ನಾನು ಬಾಯಿಗಿಟ್ಟ ಚಕ್ಕುಲಿ ಹಾಗೇ ಉಳಿಯಿತು. ಹುಡುಗನ ಅಮ್ಮ ಸಿಡಿದರು. "ಎಂತ ಕೇಂತೆ ನೀನ್? ನನ್ ಮಗ ಮನೆಯಂಗ್ ಉಂಡ್ ತಟ್ಟಿ ಎತ್ತಿಟ್ಟವ ಅಲ್ಲ. ನಾನ್ ಹಾಂಗ್ ಸಾಕದ್ದೇ ಅಲ್ಲ ಅವ್ನನ್ನ!"

ಹುಡುಗಿ ಸಿಟ್ಟಾಗಲಿಲ್ಲ. "ನಾನ್ ಕೆಲ್ಸಕ್ ಹೋಪವ್ಳ್, ಅತ್ತೆ. ಸಂಜಿಗ್ ಬಪ್ಪತಿಗೆ ಹೊತ್ತಾತ್. ಮೀನ್ ತಂದವ್ರ್ ಕೊಯ್ದ್ ಇಟ್ರೆ ನಾನ್ ಬಂದ್ ಸಾರ್ ಮಾಡ್ತೆ. ಅದಕ್ ಕೇಂಡದ್ದ್" ಎಂದಳು. ಇನ್ನೂ ಏನೂ ನಿಶ್ಚಯವಾಗದೆಯೇ ಅತ್ತೆ ಎಂದು ಕರೆದದ್ದು ಅಮ್ಮನ ಸಿಟ್ಟನ್ನು ಅರ್ಧ ಇಳಿಸಿತು.

ಹುಡುಗ ಎದ್ದು ಶರ್ಟಿನ ತೋಳು ಮಡಿಚಿದ. ಆ ಮನೆಗೆ ಬೆಳಿಗ್ಗೆ ತಂದ ಬಂಗುಡೆ ಪಾತ್ರೆಯಲ್ಲೇ ಇತ್ತು. ಬಾವಿಕಟ್ಟೆಯ ಹತ್ತಿರ ಕೂತವನೇ ಕಿವಿರು ತೆಗೆದ, ಹೊಟ್ಟೆ ಬಿಡಿಸಿದ, ಬೆನ್ನಿಗೆ ಓರೆಯಾಗಿ ಗೀರು ಹಾಕಿದ, ಮೂರು ನೀರಿನಲ್ಲಿ ತೊಳೆದು ಉಪ್ಪು ಹಚ್ಚಿಟ್ಟ. ಗಲ್ಫಿನ ರೂಮಿನಲ್ಲಿ ಎಲ್ಲರ ಪಾಲಿನ ಮೀನನ್ನೂ ಇವನೇ ಕೊಯ್ಯುತ್ತಿದ್ದನಂತೆ. ಹುಡುಗಿಯ ಅಜ್ಜಿ ಕಟ್ಟೆಯಿಂದ ಬಗ್ಗಿ ನೋಡಿ, "ಮುಳ್ಳಿನ್ ಹತ್ರ ಒಂದ್ ಚೂರ್ ರಕ್ತ ಇಲ್ಲೆ, ಕೈ ಪಳ್ಗಿತ್ತ್" ಎಂದು ಒಪ್ಪಿಗೆಯ ಮುದ್ರೆ ಒತ್ತಿದರು.

ನಾನು ಮನಸ್ಸಿನಲ್ಲೇ ಹಳೆಯದನ್ನು ನೆನೆಸಿದೆ. ಆಗ ಹೆಣ್ಣು ಹೊಲಿದ ರವಿಕೆಯನ್ನು ಗಂಡಿನವರು ಮುಟ್ಟಿ ನೋಡುತ್ತಿದ್ದರು, ಈಗ ಗಂಡು ಕೊಯ್ದ ಬಂಗುಡೆಯನ್ನು ಹೆಣ್ಣಿನವರು ಮುಟ್ಟಿ ನೋಡುತ್ತಾರೆ. ಇದೊಂದೇ ವ್ಯತ್ಯಾಸ. ಅಲ್ಲೇ ಮಾತುಕತೆ ಮುಗಿಯಿತು, ಮದುವೆ ಕುದುರಿತು. ಎಲ್ಲರೂ ಸಂತೋಷದಲ್ಲಿದ್ದರು, ಹುಡುಗನ ಅಮ್ಮ ಒಬ್ಬರನ್ನು ಬಿಟ್ಟು. ಅವರು ದಾರಿಯುದ್ದ ಮುಖ ಬಿಗಿದುಕೊಂಡೇ ಇದ್ದರು. ಕುಂದಾಪುರ ಹತ್ತಿರ ಬಂದಾಗ ಮಗನ ಕಡೆ ತಿರುಗಿದರು.

"ಮದಿ ಆಯ್ಲಿ, ನಂಗ್ ಬ್ಯಾಡ ಅಂತಿಲ್ಲೆ. ಆರೆ ನಾಳೆಯಿಂದ ಅದ್ವರೆಗೆ ನಮ್ಮನಿ ಮೀನ್ ಕೊಯ್ಯುದೂ ನೀನೇ. ಇಷ್ಟ್ ವರ್ಷ ಗೊತ್ತಿದ್ದೂ ಕಳ್ಳ ಬಿದ್ದಿದ್ಯಲ್ದಾ!"

ಫೋನ್ ಬಂತು

ಇದು ನಮ್ಮ ಮನೆಯಲ್ಲೇ ನಡೆದದ್ದು. ಮಗಳಿಗೆ ಕೋಟದ ಕಡೆಯಿಂದ ಒಂದು ಒಳ್ಳೆಯ ಸಂಬಂಧ ತಂದೆ. ಹುಡುಗ ಮಾಸ್ತರು, ಮನೆಯಲ್ಲಿ ತಾಯಿ, ಎರಡು ದನ. ದನದ ಡಾಕ್ಟ್ರಿಗೆ ಇದಕ್ಕಿಂತ ಬೇಕೇ? ಭಾನುವಾರ ಬೆಳಿಗ್ಗೆ ಬರುವುದು ಎಂದಾಯಿತು. ಹೆಂಡತಿ ಬಿಸಿಬಿಸಿ ಗೋಳಿಬಜೆ ಕರಿದಳು. ಮಗಳು ಮಾತ್ರ ಬೆಳಗಾಗುವ ಮೊದಲೇ ಯಾರದೋ ಮನೆಯಲ್ಲಿ ಕರು ಹೊರಬರದೆ ಕಷ್ಟವಾಗಿದೆ ಎಂದು ಹೋಗಿದ್ದಳು.

ಅವರು ಬಂದು ಕೂತು ಅರ್ಧ ಗಂಟೆಯ ಮೇಲೆ ಬಂದಳು. ಮೊಣಕಾಲವರೆಗೆ ರಬ್ಬರ್ ಬೂಟು, ಬಟ್ಟೆಯ ಮೇಲೆ ಸಗಣಿ. ಹಿಂದಿನ ಬಾಗಿಲಿಂದ ಬಾ ಎಂದು ನಾನು ಕಣ್ಣಲ್ಲೇ ಹೇಳಿದೆ. ಅವಳು ಎದುರಿನ ಬಾಗಿಲಿಂದಲೇ ಬಂದು, "ಹೆಣ್ ಕರು!" ಎಂದು ಎಲ್ಲರಿಗೂ ಸುದ್ದಿ ಹೇಳಿ, ಕೈಕಾಲು ತೊಳೆದು ಬಂದು ಕೂತಳು.

ಮಾಸ್ತರು ಏನೋ ಕೇಳಲು ಬಾಯಿ ತೆರೆದರು. ಅಷ್ಟರಲ್ಲಿ ಅವರ ತಾಯಿ ಕುರ್ಚಿಯನ್ನೇ ಮುಂದಕ್ಕೆ ಎಳೆದುಕೊಂಡು, "ಅಲ್ಲ ಮಗಾ, ನಮ್ಮನಿ ದೊಡ್ಡ ದನ ಹಾಲ್ ಬಿಡ್ತಿಲ್ಲೆ. ಕರಿಯುಕ್ ಹ್ವಾರೆ ಒದಿತ್ತ್. ಎಂತ ಮಾಡುದ್?" ಎಂದು ಶುರು ಮಾಡಿದರು. ಮಗಳ ಮುಖ ಅರಳಿತು. ಕೆಚ್ಚಲು ಬಿಸಿ ಇದೆಯೇ, ಹಿಂಡಿ ಯಾವುದು ಹಾಕುತ್ತೀರಿ, ದನದ ಹಟ್ಟಿಯಲ್ಲಿ ನೀರು ನಿಲ್ಲುತ್ತದೆಯೇ. ಪ್ರಶ್ನೆಯ ಮೇಲೆ ಪ್ರಶ್ನೆ. ನಾನು ನಡುವೆ ಬಾಯಿ ಹಾಕಿ, "ಮಾಸ್ತರ್‌ಗೂ ಎಂತಾದ್ರೂ ಕೇಣುಕಿತ್ತೇನೋ" ಎಂದೆ. ಮಾಸ್ತರು, "ಹೌದು, ಸಣ್ಣ ದನಕ್ಕೂ ಒಂಚೂರ್ ಕೆಮ್ಮು ಇತ್ತ್" ಎಂದರು.

ಹೊರಡುವಾಗ ಅವರ ಕೈಯಲ್ಲಿ ಮದ್ದಿನ ಚೀಟಿ ಇತ್ತು, ಹೊಟ್ಟೆಯಲ್ಲಿ ಗೋಳಿಬಜೆ ಇತ್ತು, ಬಂದ ಕೆಲಸ ಮಾತ್ರ ಯಾರಿಗೂ ನೆನಪಿರಲಿಲ್ಲ. ಆದರೂ ನಾನು ಆಸೆ ಬಿಡಲಿಲ್ಲ. ದಿನವೂ ಫೋನ್ ನೋಡಿದ್ದೇ ನೋಡಿದ್ದು. ಒಂದು ಬೆಳಿಗ್ಗೆ ಮಾಸ್ತರ ತಾಯಿಯ ಫೋನ್ ಬಂದೇ ಬಂತು. ಸ್ವರದಲ್ಲೇ ಸಂತೋಷ ಉಕ್ಕುತ್ತಿತ್ತು. "ಹ್ವಾಯ್, ಒಳ್ಳೆ ಸುದ್ದಿ ಹೇಳುಕ್ ಮಾಡದ್ದ್!" ಎಂದರು. ನಾನು ಅಡುಗೆ ಮನೆಯ ಕಡೆ ತಿರುಗಿ, ಬೇಗ ಬಾ ಎಂದು ಹೆಂಡತಿಗೆ ಕೈ ಬೀಸಿ, ಅವಳಿಗೂ ಕೇಳಲಿ ಎಂದು ಸ್ಪೀಕರ್ ಹಾಕಿದೆ.

"ದನ ಹಾಲ್ ಬಿಡ್ತ್ ಮರ್ರೆ! ಡಾಕ್ಟ್ರಮ್ಮಂಗ್ ಹೇಳಿ!"

ಹಟ್ಟಿಯಂಗಡಿಯ ದನ

ಇದಾದ ಮೇಲೆ ನಮ್ಮ ಮನೆಯಲ್ಲಿ ಹಟ್ಟಿಯಂಗಡಿ ಎಂಬ ಊರಿನ ಇನ್ನೊಂದು ದನದ ಸುದ್ದಿ ಶುರುವಾಯಿತು. ಊಟಕ್ಕೆ ಕೂತರೆ ಮಗಳ ಫೋನ್ ಬಡಿದುಕೊಳ್ಳುವುದು. ಯಾರು ಎಂದರೆ, "ಹಟ್ಟಿಯಂಗಡಿ ದನ, ಅಪ್ಪಯ್ಯ. ಹುಲ್ಲ್ ತಿಂತಿಲ್ಲೆ ಅಂಬ್ರ್." ಮುಂದಿನ ವಾರ, "ಕುಂಟ್ತಿತ್ತ್ ಅಂಬ್ರ್." ಅದರ ಮುಂದಿನ ವಾರ, "ಎಂತಕೋ ಬೇಜಾರಂಗ್ ಇತ್ತ್ ಅಂಬ್ರ್." ದನಕ್ಕೂ ಬೇಜಾರು ಬರುತ್ತದೆ ಎಂದು ನನಗೆ ಗೊತ್ತಾದದ್ದು ಆಗಲೇ.

ನಮ್ಮ ಮನೆಯಲ್ಲಿ ನಾಲ್ಕು ಜನ. ನಾನು, ಹೆಂಡತಿ, ಮಗಳು, ಮತ್ತೆ ಮಾವ ತೀರಿಕೊಂಡ ಮೇಲೆ ನಮ್ಮ ಜೊತೆಗೇ ಇರುವ ನನ್ನ ಅತ್ತೆ, ಹೆಂಡತಿಯ ಅಮ್ಮ. ಅತ್ತೆಗೆ ಎಂಬತ್ತು ದಾಟಿದೆ, ಕಣ್ಣು ಕಿವಿ ಎರಡೂ ನನಗಿಂತ ಚುರುಕು. ಅವರು ದಿನವೂ ಮೊಮ್ಮಗಳ ಸ್ಕೂಟರಿನ ಸದ್ದು ಕೇಳಿದ ಕೂಡಲೇ, "ಆ ದನ ಹ್ಯಾಂಗಿತ್ತ್ ಮಗಾ?" ಎಂದು ವಿಚಾರಿಸುತ್ತಿದ್ದರು. ಕಡೆಗೆ ಹಟ್ಟಿಯಂಗಡಿಯ ಗಣಪತಿಗೇ ಒಂದು ತೆಂಗಿನಕಾಯಿ ಹರಕೆ ಹೇಳಿಕೊಂಡರು.

ಹೀಗಿರುವಾಗ ನನಗೆ ಅದೇ ಊರಿನಲ್ಲಿ ಒಂದು ಮಶೀನ್ ಕೆಲಸ ಬಂತು. ಎಣ್ಣೆ ಬಿಡುತ್ತಾ ಆ ಮನೆಯಾಕೆಯ ಹತ್ತಿರ, "ಇಲ್ಲೆಲ್ಲೋ ಒಂದ್ ಕಾಯ್ಲೆ ದನ ಇತ್ತಂಬ್ರಲ್ಲೆ, ಪಾಪ" ಎಂದೆ. ಆಕೆ ನಕ್ಕ ರೀತಿಗೆ ಮಶೀನಿನ ಮೇಲಿದ್ದ ಕತ್ತರಿ ಕೆಳಗೆ ಬಿತ್ತು.

"ದನಕ್ ಎಂತ ಆಯ್ದಿಲ್ಲೆ ಮರ್ರೆ! ಮೊನ್ನೆ ನಮ್ ದಾಸಾಳ ಗಿಡ ಪೂರಾ ತಿಂದ್ ಹಾಕಿತ್. ಕಾಯ್ಲೆ ಇಪ್ಪುದ್ ಅದ್ರ ಯಜಮಾನಂಗೆ. ಡಾಕ್ಟ್ರಮ್ಮ ಬಪ್ಪ ದಿನ ಬೆಳಿಗ್ಗೆಯೇ ಮಿಂದ್, ಇಸ್ತ್ರಿ ಅಂಗಿ ಹಾಯ್ಕಂಡ್ ಹಟ್ಟಿಯಂಗ್ ನಿಂತಿರ್ತ!"

ಡಾಕ್ಟ್ರಮ್ಮನ ಅಪ್ಪ ನಾನೇ ಎಂದು ಆಕೆಗೆ ಗೊತ್ತಿರಲಿಲ್ಲ. ನಾನೂ ಹೇಳಲಿಲ್ಲ. ಕೆಲಸ ಮುಗಿಸಿ ಸೀದಾ ಆ ಮನೆಗೆ ಹೋದೆ. ಹತ್ತು ಹನ್ನೆರಡು ದನ ಸಾಕಿ ಡೇರಿಗೆ ಹಾಲು ಹಾಕುವ ಹುಡುಗ. ಹಟ್ಟಿ ನಮ್ಮ ಜಗಲಿಗಿಂತ ಚೊಕ್ಕವಾಗಿತ್ತು. ತಾಯಿ ಮಜ್ಜಿಗೆ ತಂದುಕೊಟ್ಟರು. ಸಿಟ್ಟಿನಲ್ಲೂ ನನ್ನೊಳಗಿನ ಸಂಬಂಧ ಕೂಡಿಸುವವನು ಇದನ್ನೆಲ್ಲ ಗುರುತು ಮಾಡಿಕೊಂಡ. ನಾನು ಯಾರೆಂದು ಹೇಳಿ, "ಕಾಯ್ಲೆ ದನ ಯಾವ್ದ್?" ಎಂದೆ. ಹುಡುಗನ ಮುಖ ಕೆಂಪಾಯಿತು. ಮೂಲೆಯ ದನವನ್ನು ತೋರಿಸಿ, "ಈಗ ಒಂಚೂರ್ ಅಡ್ಡಿಲ್ಲೆ" ಎಂದ. ಹುಲ್ಲು ತಿನ್ನದ ಆ ದನ ಅಷ್ಟರಲ್ಲಿ ನನ್ನ ಹೆಗಲಿನ ಬೈರಾಸು ವಸ್ತ್ರವನ್ನು ಎಳೆದು ಅರ್ಧ ತಿಂದಿತ್ತು.

ಸಂಜೆ ಮನೆಯಲ್ಲಿ ನಾಲ್ವರೂ ಜಗಲಿಯಲ್ಲಿದ್ದಾಗ ಉಳಿದರ್ಧ ಬೈರಾಸನ್ನು ಮಗಳ ಎದುರಿಗೆ ಎತ್ತಿ ಹಿಡಿದೆ. "ಅವ ನಿನ್ಗ್ ಸುಳ್ ಹೇಳಿ ಕರ್ಸ್ತಿದ್ದ. ಆ ದನಕ್ ಎಂತ ಕಾಯ್ಲೆಯೂ ಇಲ್ಲೆ!"

ಮಗಳು ತಣ್ಣಗೆ ಹೇಳಿದಳು. "ಅದ್ ನಂಗ್ ಮೊದಲ್ನೇ ದಿನವೇ ಗೊತ್ತಾಯ್ತ್ ಅಪ್ಪಯ್ಯ. ನಾನ್ ಡಾಕ್ಟ್ರಲ್ದಾ?"

"ಮತ್ತೆ ಪ್ರತಿ ಸಲ ಹೋದ್ದೆಂತಕೆ?"

"ದನ ಕಾಂಬುಕೆ" ಎಂದಳು. ಬೈರಾಸನ್ನು ನನ್ನ ಕೈಯಿಂದ ತೆಗೆದುಕೊಂಡು, "ನಂಗ್ ಅವನನ್ನೇ ಮದಿ ಆಯ್ಕ್ ಅಪ್ಪಯ್ಯ. ನೀವೇ ಹುಡ್ಕಿ ತಂದದ್ದ್ ಅಲ್ಲ ಅಂತ ಬೇಜಾರ್ ಮಾಡ್ಬ್ಯಾಡಿ" ಎಂದಳು. ನನಗೆ ಒಳಗೊಳಗೇ ಸಂತೋಷವಾಗಿತ್ತು, ಸುಳ್ಳೇಕೆ ಹೇಳಲಿ. ಆದರೆ ಅಷ್ಟು ಬೇಗ ಸೋಲೊಪ್ಪಲು ಮನಸ್ಸು ಬಾರದೆ, "ಈಗಿನ ಮಕ್ಕಳೇ ಹಾಂಗೆ. ಮೂಕಪ್ರಾಣಿ ಹೆಸ್ರ್ ಹೇಳಿ ನಾಟ್ಕ ಆಡ್ತ್ರ್. ನಮ್ ಕಾಲದಂಗ್ ಇದೆಲ್ಲ ಇದ್ದಿತ್ತಾ?" ಎಂದು ಗುಡುಗಿದೆ.

ಹೆಂಡತಿ ಸೀರೆಯ ಸೆರಗು ಬಾಯಿಗೆ ಒತ್ತಿಕೊಂಡು ನಗತೊಡಗಿದಳು. "ಮದಿಗ್ ಮೊದ್ಲ್ ನಮ್ಮನಿ ಮಶೀನ್ ನೆನ್ಪಿತ್ತಾ?" ಎಂದಳು.

ನೆನಪಿಲ್ಲದೆ? ನನ್ನ ಇಡೀ ಕಸುಬಿನಲ್ಲಿ ನನ್ನನ್ನು ಸೋಲಿಸಿದ ಒಂದೇ ಮಶೀನ್ ಅದು. ಬೈಂದೂರಿನ ಹತ್ತಿರದ ಅವಳ ತವರುಮನೆಗೆ ಹೋಗಿ ದಾರ ಬಿಗಿಮಾಡುವ ಸ್ಕ್ರೂ ಸರಿಮಾಡಿ ಬರುವುದು, ಎಂಟು ದಿನಕ್ಕೆ ಮತ್ತೆ ಹೇಳಿಕಳಿಸುವುದು. ಕಡಲಿನ ಉಪ್ಪುಗಾಳಿಯನ್ನು ಬೈದೆ, ಇಲಿಗಳನ್ನು ಬೈದೆ, ತಯಾರು ಮಾಡಿದ ಕಂಪೆನಿಯನ್ನೂ ಬೈದೆ. ಕಡೆಗೆ ಅತ್ತೆಯೇ ಮುಂದೆ ನಿಂತು ನನಗೆ ಹೆಣ್ಣು ಕೊಡಿಸಿದರು. ಬೇಸರವಿಲ್ಲದೆ ಬಂದು ದುಡಿದವನ ಕೆಲಸಕ್ಕೆ ಮೆಚ್ಚಿ ಕೊಟ್ಟದ್ದು ಎಂದು ನನ್ನ ಲೆಕ್ಕ. ಮದುವೆಯಾಗಿ ಮಶೀನ್ ನಮ್ಮ ಮನೆಗೆ ಬಂದ ಮೇಲೆ ಒಂದು ದಿನವೂ ಕೆಡಲಿಲ್ಲ. ಅದು ನನ್ನ ಕೈಗುಣ ಎಂದು ಇಷ್ಟು ವರ್ಷ ಊರಿಡೀ ಹೇಳಿಕೊಂಡು ಬಂದಿದ್ದೆ.

"ಆ ಸ್ಕ್ರೂ ನಾನೇ ಬಿಚ್ತಿದ್ದೆ" ಎಂದಳು ಹೆಂಡತಿ. "ಇಲ್ದಿರೆ ನೀವ್ ಬತ್ತಿದ್ರ್ಯಾ?"

ನನ್ನ ಕೈಗುಣದ ಕತೆ ಅಲ್ಲಿಗೆ ಮುಗಿಯಿತು. ಇನ್ನು ಮಾತಾಡಿ ಪ್ರಯೋಜನವಿಲ್ಲ ಎಂದು ಮಗಳ ಕಡೆ ತಿರುಗಿ, "ಬಪ್ಪ ಭಾನುವಾರ ಅವನಿಗೆ ತಾಯಿ ಕರ್ಕಂಡ್ ಬಪ್ಪುಕ್ ಹೇಳ್. ದನ ಬ್ಯಾಡ" ಎಂದೆ. ಅವಳು ಬಂದು ನನ್ನ ಹೆಗಲಿಗೆ ತಲೆ ಇಟ್ಟಳು. ಮನಸ್ಸು ಹಗುರಾಯಿತು. ಆಗ ಗೋಡೆಗೆ ಒರಗಿ ಎಲೆಯಡಿಕೆ ಕುಟ್ಟುತ್ತಿದ್ದ ಅತ್ತೆ ಕುಟ್ಟುವುದನ್ನು ನಿಲ್ಲಿಸಿ ನನ್ನ ಹೆಂಡತಿಯನ್ನು ದಿಟ್ಟಿಸಿ ನೋಡಿದರು.

"ಎಂತ ಹೇಳ್ದೆ? ನೀನೂ ಬಿಚ್ತಿದ್ಯಾ?"

ಹೆಂಡತಿಯ ನಗು ನಿಂತಿತು. "ಅಮ್ಮಾ, 'ನೀನೂ' ಅಂದ್ರೆ?"

"ಮತ್ತೆಂತ! ಅಂಥಾ ಒಳ್ಳೆ ಮಾಣಿ ಬಾಗ್ಲಿಗ್ ಬಂದದ್ದ್ ಸುಮ್ನೆ ಬಿಡುಕಾತ್ತಾ? ಆರೆ ನಾನ್ ಬಿಚ್ಚುಕ್ ಹ್ವಾರೆ ಹೆಚ್ಚಿನ್ ಸಲ ಅದ್ ಮೊದ್ಲೇ ಬಿಚ್ಚಿ ಇರ್ತಿತ್ತ್!" ಅತ್ತೆ ನನ್ನ ಕಡೆ ತಿರುಗಿ ತುಂಬ ಕರುಣೆಯಿಂದ ತಲೆಯಾಡಿಸಿದರು. "ಇಷ್ಟ್ ವರ್ಷ ನಾನ್ ಎಣ್ಸಿದ್ದೆಂತ ಗೊತ್ತಿತ್ತಾ? ಪಾಪ, ಈ ಮಾಣಿಗ್ ಕೆಲ್ಸ ಒಂಚೂರೂ ಬತ್ತಿಲ್ಲೆ, ಇನ್ಯಾರ್ ಇವನಿಗ್ ಹೆಣ್ ಕೊಡ್ತ್ರ್ ಅಂದೇಳಿಯೇ ನಾವ್ ಕೊಟ್ಟದ್ದ್!"